ಒದ್ದೆ ಕೈಗೂ ಸಿಗುವ ಬಟನ್

ಗ್ಯಾಸ್ ಸ್ಟೋವ್‌ನ ನಾಬ್‌ನಿಂದ ಶುರು ಮಾಡೋಣ. ಎಲ್ಲರ ಮನೆಯಲ್ಲೂ ಇದೆ, ಯಾರೂ ಅದನ್ನು ವಿನ್ಯಾಸ ಅಂತ ನೋಡುವುದಿಲ್ಲ. ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸುತ್ತೀರಿ. ಕಾಲು ಸುತ್ತಿಗೆ ಉರಿ ಪೂರ್ತಿ. ಇನ್ನೂ ತಿರುಗಿಸಿದರೆ ಉರಿ ಸಣ್ಣಗಾಗುತ್ತಾ ಹೋಗಿ ಸಿಮ್‌ಗೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಆಫ್ ಆದ ಮೇಲೆ ಸಣ್ಣ ಉರಿ, ಆಮೇಲೆ ದೊಡ್ಡದು ಅಂತ ಇಡುವುದೇ ಸಹಜ ಅನ್ನಿಸಬಹುದು. ಹಾಗೆ ಇಡದಿರಲು ಕಾರಣವಿದೆ. ಹಚ್ಚುವಾಗ ಗ್ಯಾಸ್ ಧಾರಾಳವಾಗಿ ಬಂದರೆ ಲೈಟರ್‌ನ ಮೊದಲ ಕಿಡಿಗೇ ಹತ್ತಿಕೊಳ್ಳುತ್ತದೆ. ಸಿಮ್ ಕೊನೆಯಲ್ಲಿದ್ದು, ಅಲ್ಲಿ ನಾಬ್ ಮುಂದೆ ಹೋಗದಂತೆ ತಡೆ ಇರುವುದರಿಂದ, ಉರಿ ಸಣ್ಣದು ಮಾಡಲು ಹೋಗಿ ಪೂರ್ತಿ ಆರಿಸಿಬಿಡುವ ಭಯವಿಲ್ಲ. ಒತ್ತಿದರೆ ಮಾತ್ರ ತಿರುಗುವುದರಿಂದ ಸೆರಗು ತಾಗಿಯೋ ಮಗು ಎಳೆದೋ ಗ್ಯಾಸ್ ಬಿಡುವುದಿಲ್ಲ. ನಾಬ್‌ನ ಮೇಲಿನ ಏಣು ನೆಟ್ಟಗಿದೆಯೋ ಓರೆಯಾಗಿದೆಯೋ ಅಂತ ಬಾಗಿಲಲ್ಲಿ ನಿಂತೇ ಹೇಳಬಹುದು. ರಾತ್ರಿ ಕರೆಂಟ್ ಹೋಗಿದ್ದರೆ ಕೈಯಾಡಿಸಿ ಹೇಳಬಹುದು.

ಪಕ್ಕದಲ್ಲೇ ಗಾಜಿನ ಮೇಲ್ಮೈಯ, ಟಚ್ ಇರುವ ಇಂಡಕ್ಷನ್ ಸ್ಟೋವ್ ಇದೆ ಅಂದುಕೊಳ್ಳಿ. ಹಾಲು ಉಕ್ಕುತ್ತಿದೆ. ಕೈಯಲ್ಲಿ ಹಿಟ್ಟಿದೆ. ಮೊದಲು ಕಣ್ಣು ಆ ಕಡೆ ಹೋಗಬೇಕು, ಮೈನಸ್ ಗುರುತು ಎಲ್ಲಿದೆ ಅಂತ ಹುಡುಕಬೇಕು, ಬೆರಳ ತುದಿಯನ್ನು ಅಲ್ಲೇ ಇಡಬೇಕು, ಬೀಪ್ ಬರುವವರೆಗೆ ಕಾಯಬೇಕು, ಅದನ್ನು ನಾಲ್ಕು ಸಲ ಮಾಡಬೇಕು. ಅಷ್ಟರಲ್ಲಿ ಹಾಲು ಗಾಜಿನ ಮೇಲೆ ಹರಿದು, ಟಚ್ ಪ್ಯಾಡಿಗೆ ತಾಗಿ, ಯಂತ್ರ ತಾನೇ ಆಫ್ ಆಗಿರುತ್ತದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಅನ್ನಿ.

ಒಂದು ನಿಯಂತ್ರಣ ಸಾಧನ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಒತ್ತುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಕೈ ಅದನ್ನು ಹುಡುಕಬೇಕು, ಇದೇ ಅದು ಅಂತ ಗುರುತು ಹಿಡಿಯಬೇಕು, ಈಗ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯಬೇಕು. ಇವತ್ತಿನ ಫೋನುಗಳಲ್ಲಿ ಮುಟ್ಟಿದಾಗ ಸಣ್ಣಗೆ ನಡುಗಿ ಒತ್ತಿದ ಅನುಭವ ಕೊಡುವ ಮೋಟಾರ್ ಇದೆ, ಬಹಳ ಚೆನ್ನಾಗಿಯೂ ಇದೆ. ಆದರೆ ಅದು ಬರುವುದು ಮುಟ್ಟಿದ ಮೇಲೆ. ಹುಡುಕುವ ಕೈಗೆ ಅದರಿಂದ ಏನೂ ಸಿಗುವುದಿಲ್ಲ. ಪರದೆಯ ಮೇಲೆ ಬೆರಳಾಡಿಸಿ ಹುಡುಕುವ ಹಾಗೂ ಇಲ್ಲ. ಆಡಿಸಿದರೆ ಒತ್ತಿದಂತೆಯೇ ಲೆಕ್ಕ.

ಹಾಗಾದರೆ ಟಚ್ ಯಾಕೆ ಇಷ್ಟು ಹಬ್ಬಿತು? ಫ್ಯಾಷನ್ ಅನ್ನುವುದು ಅರ್ಧ ಉತ್ತರ. ಉಳಿದರ್ಧ ದುಡ್ಡು. ಒಂದು ಬಟನ್ ಅಂದರೆ ಅದಕ್ಕೊಂದು ಪ್ಲಾಸ್ಟಿಕ್ ಅಚ್ಚು, ಅಚ್ಚಿಗೆ ತಿದ್ದುಪಡಿ, ಅದರ ಮೇಲೆ ಗುರುತಿನ ಮುದ್ರಣ, ಕೆಳಗೊಂದು ಸ್ವಿಚ್, ಜೋಡಿಸುವ ಕೈ, ನೀರು ಇಳಿಯದಂತೆ ಸೀಲ್. ಟಚ್ ಪ್ಯಾಡ್ ಅಂದರೆ ಸರ್ಕ್ಯೂಟ್ ಬೋರ್ಡಿನ ಮೇಲೆ ಹೇಗೂ ಇರುವ ತಾಮ್ರದ ಒಂದು ವೃತ್ತ. ಮೇಲೆ ಒಂದೇ ಗಾಜು. ಹಿಂದಿನ ಮುದ್ರಣ ಬದಲಿಸಿದರೆ ಅದೇ ಗಾಜು ಐದು ಮಾದರಿಗೆ ಆಗುತ್ತದೆ. ಒರೆಸುವುದು ಸುಲಭ, ಸಂದಿಯಲ್ಲಿ ಜಿಡ್ಡು ಕೂರುವುದಿಲ್ಲ. ಈ ಲಾಭಗಳೆಲ್ಲ ನಿಜವೇ, ಇದನ್ನು ಒಪ್ಪದೆ ಬಟನ್‌ ಪರ ವಾದಿಸಿದರೆ ಕಾರ್ಖಾನೆಯವರು ಎರಡನೇ ಮೀಟಿಂಗಿಗೆ ಕರೆಯುವುದಿಲ್ಲ.

ಆದ್ದರಿಂದ ಟಚ್ ಎಲ್ಲಿ ಕೈಕೊಡುತ್ತದೆ ಅಂತ ನಿಖರವಾಗಿ ಗೊತ್ತಿರಬೇಕು. ಆ ತಾಮ್ರದ ವೃತ್ತದಲ್ಲಿ ಸಣ್ಣ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿ, ಇರುತ್ತದೆ. ಬೆರಳು ಹತ್ತಿರ ಬಂದರೆ ಅದಕ್ಕೆ ಒಂದು ಪಿಕೋಫ್ಯಾರಡ್ (ಅದನ್ನು ಅಳೆಯುವ ಬಹಳ ಸಣ್ಣ ಮಾನ), ಎಷ್ಟೋ ಸಲ ಅದಕ್ಕಿಂತ ಕಡಿಮೆ, ಸೇರುತ್ತದೆ. ಚಿಪ್ ಅಳೆಯುವುದು ಆ ವ್ಯತ್ಯಾಸವನ್ನು. ಗಾಜಿಗೂ ಪ್ಯಾಡಿಗೂ ನಡುವೆ ಅರ್ಧ ಮಿಲಿಮೀಟರ್ ಗಾಳಿ ಉಳಿದರೂ ಸಂಕೇತ ಸೊರಗುತ್ತದೆ, ಯಾಕೆಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ (ಹೆಚ್ಚಿದ್ದಷ್ಟೂ ಬೆರಳಿನ ಪ್ರಭಾವ ಚೆನ್ನಾಗಿ ದಾಟುತ್ತದೆ) ಗಾಜಿನದು ಸುಮಾರು 7, ಅಕ್ರಿಲಿಕ್‌ನದು ಸುಮಾರು 3, ಗಾಳಿಯದು 1. ಅದಕ್ಕೇ ಇಂಡಕ್ಷನ್ ಸ್ಟೋವ್ ಬಿಚ್ಚಿದರೆ ಪ್ಯಾಡಿನ ಮೇಲೆ ಸಣ್ಣ ಸ್ಪ್ರಿಂಗ್‌ಗಳು ನಿಂತಿರುವುದು ಕಾಣುತ್ತದೆ. ಅವು ಗಾಜಿನ ಹಿಂಬದಿಗೆ ಒತ್ತಿಕೊಂಡು ಗಾಳಿಯ ಪದರವನ್ನು ದಾಟಿಸುತ್ತವೆ. ರಿಪೇರಿ ಮಾಡಿದವರು ಒಂದು ಸ್ಪ್ರಿಂಗ್ ಓರೆಯಾಗಿ ಕೂರಿಸಿದರೆ ಆ ಒಂದು ಕೀ ಮಾತ್ರ ಆಗಾಗ ಕೆಲಸ ಮಾಡುತ್ತದೆ.

ನೀರಿನ ಸ್ಥಿರಾಂಕ ಸುಮಾರು 80. ಪ್ಯಾಡಿನ ಮೇಲೆ ಒಂದು ಹನಿ ಬಿದ್ದರೆ ಚಿಪ್‌ಗೆ ಬೆರಳಿನ ಹಾಗೆ ಕಾಣಬಹುದು. ಎರಡು ಪ್ಯಾಡ್‌ಗಳ ಮೇಲೆ ಹರಡಿಕೊಂಡ ನೀರು ಎರಡನ್ನೂ ಒಟ್ಟಿಗೆ ಒತ್ತಿದಂತೆ. ಉಪ್ಪು, ಹಾಲು, ಅನ್ನದ ಗಂಜಿ ಇದ್ದರೆ ವಾಹಕತೆ ಹೆಚ್ಚಿ ಇನ್ನೂ ಕೆಟ್ಟದು. ಪರಿಹಾರಗಳಿವೆ. ಪ್ಯಾಡುಗಳ ಸುತ್ತ ಒಂದು ತಾಮ್ರದ ಕವಚ ಇಟ್ಟು, ಅದಕ್ಕೂ ಪ್ಯಾಡಿಗೆ ಕೊಡುವ ಸಂಕೇತವನ್ನೇ ಕೊಟ್ಟರೆ, ತೆಳು ನೀರಿನ ಪದರ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟಿಗೆ ಎರಡು ಮೂರು ಕೀ ಒತ್ತಿದ ಹಾಗೆ ಕಂಡರೆ ಯಾವುದನ್ನೂ ಸ್ವೀಕರಿಸಬೇಡ ಅಂತ ಪ್ರೋಗ್ರಾಮ್‌ನಲ್ಲಿ ಬರೆಯಬಹುದು. ಇದರ ಬೆಲೆ ಏನು? ಯಾವುದನ್ನೂ ಸ್ವೀಕರಿಸಬೇಡ ಅಂದರೆ ಆಫ್ ಕೀಯನ್ನೂ ಸ್ವೀಕರಿಸುವುದಿಲ್ಲ. ಹಾಗಾಗಿ ಇಂಥ ಗೊಂದಲದಲ್ಲಿ ಯಂತ್ರ ತಾನಾಗಿ ನಿಲ್ಲಲೇಬೇಕು. ಬಿಸಿ ಮಾಡುವ ಯಾವ ಯಂತ್ರದಲ್ಲೂ ಟಚ್ ಹಾಕುವುದಾದರೆ ಇದು ಮೊದಲು ಬರೆಯಬೇಕಾದ ಸಾಲು.

ಇನ್ನೊಂದು ಸೂಕ್ಷ್ಮ ಇದೆ. ಹವೆ, ತೇವ, ಬಿಸಿಗೆ ತಕ್ಕಂತೆ ಚಿಪ್ ತನ್ನ ಮೂಲ ಅಳತೆಯನ್ನು ನಿಧಾನವಾಗಿ ತಿದ್ದಿಕೊಳ್ಳುತ್ತಿರುತ್ತದೆ. ಒದ್ದೆ ಬಟ್ಟೆಯನ್ನು ಪ್ಯಾನೆಲ್ ಮೇಲೆ ಬಿಟ್ಟು ಹೋದಿರಿ ಅನ್ನಿ. ಸ್ವಲ್ಪ ಹೊತ್ತಿಗೆ ಚಿಪ್ ಅದನ್ನೇ ಸಾಮಾನ್ಯ ಸ್ಥಿತಿ ಅಂದುಕೊಳ್ಳುತ್ತದೆ. ಬಟ್ಟೆ ತೆಗೆದ ತಕ್ಷಣ ಅಳತೆ ಕೆಳಗೆ ಜಿಗಿದು, ಮತ್ತೆ ತಿದ್ದಿಕೊಳ್ಳುವವರೆಗೆ ಬೆರಳು ಇಟ್ಟರೂ ಗೊತ್ತಾಗುವುದಿಲ್ಲ. ಅಳತೆ ಕೆಳಮುಖವಾಗಿ ಹೋದರೆ ಬೇಗ, ಮೇಲ್ಮುಖವಾಗಿ ಹೋದರೆ ನಿಧಾನವಾಗಿ ತಿದ್ದು ಅಂತ ಎರಡು ಬೇರೆ ವೇಗ ಇಡುವುದು ಇದಕ್ಕೆ ಮದ್ದು. ಇನ್ನು ವಿದ್ಯುತ್ತಿನ ಗದ್ದಲ. ಲ್ಯಾಬಿನಲ್ಲಿ ಚಿನ್ನದಂಥ ಪ್ಯಾನೆಲ್, ಅರ್ತಿಂಗ್ ಇಲ್ಲದ ಮನೆಯಲ್ಲಿ, ಅಗ್ಗದ ಇನ್ವರ್ಟರ್ ಮೇಲೆ ಓಡುವಾಗ ತಾನಾಗೇ ಒತ್ತಿಕೊಳ್ಳಬಹುದು. ಐಇಸಿ 61000-4-6 ಅನ್ನುವ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆ 150 ಕಿಲೋಹರ್ಟ್ಸ್‌ನಿಂದ 80 ಮೆಗಾಹರ್ಟ್ಸ್‌ವರೆಗಿನ ಗದ್ದಲವನ್ನು ತಂತಿಯ ಮೂಲಕ ತುಂಬಿ ನೋಡುತ್ತದೆ. ಅದನ್ನು ಪಾಸು ಮಾಡಿಸಿ. ಆಮೇಲೆ ಅರ್ತ್ ಪಿನ್ ಬಿಚ್ಚಿ, ಚೌಕ ಅಲೆಯ ಇನ್ವರ್ಟರಿಗೆ ಹಾಕಿ, ಇನ್ನೊಮ್ಮೆ ನೋಡಿ. ನಮ್ಮ ಮನೆಗಳ ಪರೀಕ್ಷೆ ಅದು. ಈ ಎರಡನೆಯ ಪರೀಕ್ಷೆಯಲ್ಲಿ ಲೋಹದ ಹೊರಮೈ ಇರುವ ಯಂತ್ರವನ್ನು ಮುಟ್ಟಬೇಡಿ, ಮರದ ಕಡ್ಡಿಗೆ ಕಟ್ಟಿದ ಕೃತಕ ಬೆರಳು ಬಳಸಿ.

ಅಡುಗೆಮನೆಯಲ್ಲಿ ತಪ್ಪಿದರೆ ಹಾಲು ಹೋಗುತ್ತದೆ. ರಸ್ತೆಯಲ್ಲಿ ಹಾಗಲ್ಲ. ಸ್ವೀಡನ್ನಿನ ‘ವಿ ಬಿಲಾಗರೆ’ ಪತ್ರಿಕೆ 2022ರಲ್ಲಿ 12 ಕಾರುಗಳನ್ನು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸಿ, ರೇಡಿಯೋ, ಹವಾನಿಯಂತ್ರಣ ಇಂಥ ನಾಲ್ಕು ಕೆಲಸ ಮಾಡಲು ಎಷ್ಟು ಹೊತ್ತು ಬೇಕು ಅಂತ ಅಳೆಯಿತು. ಪೂರ್ತಿ ಬಟನ್‌ಗಳಿದ್ದ 2005ರ ವೋಲ್ವೋ ವಿ70ಯಲ್ಲಿ 10 ಸೆಕೆಂಡು, ಅಂದರೆ ಸುಮಾರು 306 ಮೀಟರ್ ದೂರ. ಅತಿ ಹೆಚ್ಚು ಹೊತ್ತು ಬೇಡಿದ ಪರದೆಯ ಕಾರಿನಲ್ಲಿ 44.9 ಸೆಕೆಂಡು, 1,372 ಮೀಟರ್. ಚಾಲಕರಿಗೆ ಮೊದಲೇ ಕಾರಿನ ಪರಿಚಯ ಮಾಡಿಸಿಯೇ ಓಡಿಸಿದ್ದರು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ನೇರವಾದ ಭೌತಿಕ ನಿಯಂತ್ರಣ ಇಲ್ಲದ ಕಾರಿಗೆ ಅಂಕ ಕಡಿಮೆ ಮಾಡುತ್ತದೆ. ಇದು ಕಾನೂನಲ್ಲ. ಆದರೆ ಐದು ಸ್ಟಾರ್ ಬೇಕಾದ ಕಂಪನಿಗೆ ಕಾನೂನಿಗಿಂತ ಬೇಗ ತಟ್ಟುತ್ತದೆ.

ಹಡಗಿನದು ಇದಕ್ಕಿಂತ ಘೋರ ಉದಾಹರಣೆ. 2017ರ ಆಗಸ್ಟ್ 21ರ ನಸುಕಿನಲ್ಲಿ ಸಿಂಗಾಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರ್ ಹಡಗಿಗೆ ಅಡ್ಡ ಹೋಗಿ ಹತ್ತು ನಾವಿಕರು ಸತ್ತರು. ಚುಕ್ಕಾಣಿ, ವೇಗ ಎರಡೂ ಟಚ್ ಪರದೆಯ ಮೇಲಿದ್ದವು. ಒಬ್ಬನಿಗೆ ಕೆಲಸದ ಹೊರೆ ಜಾಸ್ತಿಯಾಯಿತೆಂದು ವೇಗದ ನಿಯಂತ್ರಣವನ್ನು ಪಕ್ಕದ ಪರದೆಗೆ ವರ್ಗಾಯಿಸುವಾಗ ಚುಕ್ಕಾಣಿಯೂ ಗೊತ್ತಿಲ್ಲದೆ ವರ್ಗವಾಯಿತು. ಎಡ ಮತ್ತು ಬಲ ಪ್ರೊಪೆಲರ್‌ಗಳ ವೇಗ ಒಟ್ಟಿಗೆ ಬದಲಾಗುವಂತೆ ಕೂಡಿಸಿದ್ದು ಬಿಡಿಬಿಡಿಯಾಯಿತು. ವೇಗ ತಗ್ಗಿಸಿ ಅಂದಾಗ ತಗ್ಗಿದ್ದು ಎಡಗಡೆಯದು ಮಾತ್ರ. ಹಡಗು ಎಡಕ್ಕೆ ತಿರುಗಿತು. ತರಬೇತಿಯ ಕೊರತೆಯೂ ಇತ್ತು, ಎಲ್ಲವನ್ನೂ ಪರದೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಎರಡು ಹಿಡಿಕೆ ಇರುವ ಹಳೆಯ ಥ್ರಾಟಲ್‌ನಲ್ಲಿ ಒಂದು ಮುಂದೆ ಇನ್ನೊಂದು ಹಿಂದೆ ಇದ್ದರೆ ಕೋಣೆಯಲ್ಲಿ ನಿಂತ ಯಾರಿಗಾದರೂ ಕಾಣುತ್ತಿತ್ತು. 2019ರಲ್ಲಿ ಅಮೆರಿಕದ ನೌಕಾಪಡೆ ಈ ವರ್ಗದ ಹಡಗುಗಳಿಗೆ ಕೈಯಲ್ಲಿ ಹಿಡಿಯುವ ಥ್ರಾಟಲ್ ವಾಪಸು ತರುವುದಾಗಿ ಹೇಳಿತು.

ಕೈಗೆ ಆಕಾರದಿಂದಲೇ ಹೇಳುವ ವಿದ್ಯೆ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳಲ್ಲಿ ಚಕ್ರ ಎತ್ತುವ ಹಿಡಿಕೆ ಮತ್ತು ರೆಕ್ಕೆಯ ಫ್ಲಾಪ್ ಹಿಡಿಕೆ ಪಕ್ಕಪಕ್ಕ, ಒಂದೇ ಥರ ಇದ್ದು, ಇಳಿದ ಪೈಲಟ್‌ಗಳು ಫ್ಲಾಪ್ ಬದಲು ಚಕ್ರ ಎತ್ತಿಬಿಡುತ್ತಿದ್ದರು. ಅಲ್ಫೋನ್ಸ್ ಚಪಾನಿಸ್ ಅನ್ನುವ ಮನೋವಿಜ್ಞಾನಿ ಒಂದಕ್ಕೆ ಚಕ್ರದಾಕಾರದ, ಇನ್ನೊಂದಕ್ಕೆ ರೆಕ್ಕೆಯಾಕಾರದ ಹಿಡಿ ಹಾಕಿಸಿದರು. ಈಗಲೂ ದೊಡ್ಡ ವಿಮಾನಗಳ ನಿಯಮದಲ್ಲಿ ಹಿಡಿಗಳ ಆಕಾರ ಹೀಗೇ ಇರಬೇಕು ಅಂತ ಚಿತ್ರ ಸಮೇತ ಇದೆ.

ಈಗ ನಮ್ಮದೇ ಒಂದು ವಸ್ತು: ಮತಯಂತ್ರ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಅನ್ನುವ ಸರ್ಕಾರಿ ಕಂಪನಿಗಳು ತಯಾರಿಸುತ್ತವೆ, ರೂಪ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಕೆಲಸ ಮಾಡಿತ್ತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಬಳಕೆ. ರಾಜಕೀಯದ ವಾದ ಇಲ್ಲಿ ಬೇಡ. ಬಟನ್ ಮಾತ್ರ ನೋಡೋಣ. ಕ್ಯಾಲ್ಕುಲೇಟರನ್ನೂ ಮುಟ್ಟಿರದ ಕೋಟ್ಯಂತರ ಜನ, ಒಬ್ಬೊಬ್ಬರೂ ಕೆಲವು ವರ್ಷಕ್ಕೊಮ್ಮೆ, ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಡದಂತೆ ಬಳಸಬೇಕಾದ ಯಂತ್ರ. ಮತದಾರರ ಮುಂದಿರುವ ಒಂದು ಬ್ಯಾಲಟ್ ಯೂನಿಟ್‌ನಲ್ಲಿ 16 ನೀಲಿ ಬಟನ್, ಹೆಸರು ಮತ್ತು ಚಿಹ್ನೆಯ ನೇರಕ್ಕೇ, ಬಲಗಡೆ. ಮೆನು ಇಲ್ಲ, ‘ಮುಂದೆ’ ಇಲ್ಲ, ‘ಖಚಿತಪಡಿಸಿ’ ಇಲ್ಲ. ಬಟನ್ ಪಕ್ಕದಲ್ಲಿ ಬ್ರೈಲ್ ಅಂಕಿ ಇದೆ. ಅಭ್ಯರ್ಥಿಗಳಿಲ್ಲದ ಸಾಲಿನ ಬಟನ್‌ಗಳನ್ನು ಮುಚ್ಚಿಬಿಡುತ್ತಾರೆ, ಹಾಗಾಗಿ ಕೈಯಾಡಿಸುವವರಿಗೂ ಖಾಲಿ ಬಟನ್ ಸಿಗುವುದಿಲ್ಲ.

ಉತ್ತರ ಕೊಡುವ ರೀತಿ ನೋಡಿ. ಒತ್ತಿದಾಗ ಆ ಸಾಲಿನಲ್ಲೇ ಕೆಂಪು ದೀಪ ಹತ್ತುತ್ತದೆ, ಉದ್ದನೆಯ ಬೀಪ್ ಬರುತ್ತದೆ. ದೀಪ ಮತದಾರರಿಗೆ ಮಾತ್ರ: ಯಾರಿಗೆ ಬಿತ್ತು. ಬೀಪ್ ಇಡೀ ಕೋಣೆಗೆ: ಬಿತ್ತು ಅಷ್ಟೇ, ಯಾರಿಗೆ ಅಂತಿಲ್ಲ. ಹೊರಗೆ ಕುಳಿತ ಅಧಿಕಾರಿ, ಏಜೆಂಟರು ಆ ಶಬ್ದ ಕೇಳಿ ಮುಂದಿನವರನ್ನು ಬಿಡುತ್ತಾರೆ. ಗುಟ್ಟಾಗಿರಬೇಕಾದ್ದನ್ನು ಬೆಳಕಿಗೂ, ಎಲ್ಲರಿಗೂ ಗೊತ್ತಾಗಬೇಕಾದ್ದನ್ನು ಸದ್ದಿಗೂ ಹಂಚಿದ್ದಾರೆ. ಮತ್ತೆ ಒತ್ತಿದರೆ ಏನೂ ಆಗುವುದಿಲ್ಲ, ಅಧಿಕಾರಿ ತನ್ನ ಬಳಿಯಿರುವ ಕಂಟ್ರೋಲ್ ಯೂನಿಟ್‌ನಲ್ಲಿ ಬ್ಯಾಲಟ್ ಬಟನ್ ಒತ್ತುವವರೆಗೆ. ಮತದಾನ ಮುಗಿಸುವ ಕ್ಲೋಸ್ ಬಟನ್ ಮೇಲೆ ಮುಚ್ಚಳ, ಫಲಿತಾಂಶದ ಬಟನ್ ಮುದ್ರೆ ಹಾಕಿದ ಬಾಗಿಲ ಹಿಂದೆ. ತಪ್ಪಿದರೆ ಎಷ್ಟು ನಷ್ಟವೋ ಅಷ್ಟು ಅಡ್ಡಿ. ಪರದೆಯಲ್ಲಿ ಇದೇ ಕೆಲಸಕ್ಕೆ ‘ನೀವು ಖಚಿತವೇ?’ ಅಂತ ಕೇಳುತ್ತಾರೆ, ನಾವು ಓದದೆ ಹೌದು ಒತ್ತುತ್ತೇವೆ. ಮೊದಲು ಮುಚ್ಚಳ ತೆಗೆದು ಆಮೇಲೆ ಒತ್ತುವ ಕೆಲಸ ಅಷ್ಟು ಸುಲಭವಾಗಿ ಕೈತಪ್ಪಿ ಆಗುವುದಿಲ್ಲ.

ಮುಂದಿನ ಸಂಗತಿ ನಿಜಕ್ಕೂ ಈ ಕಾಲದ್ದು. ಹಳೆಯ ಫ್ಯಾನ್ ರೆಗ್ಯುಲೇಟರ್ 3ಕ್ಕೆ ಇದ್ದರೆ ಫ್ಯಾನ್ 3ರಲ್ಲೇ ಇದೆ. ನಾಬ್ ತೋರಿಸುವುದೂ ನಡೆಯುತ್ತಿರುವುದೂ ಒಂದೇ. ಈಗ ಅದೇ ಫ್ಯಾನನ್ನು ರಿಮೋಟ್, ಫೋನ್ ಆ್ಯಪ್, ಧ್ವನಿ ಎಲ್ಲದರಿಂದ ಬದಲಿಸಬಹುದು. ಆ್ಯಪ್‌ನಲ್ಲಿ 5 ಮಾಡಿದಿರಿ, ಗೋಡೆಯ ನಾಬ್ 3ನ್ನೇ ತೋರಿಸುತ್ತಿದೆ. ಈಗ ನಾಬನ್ನು ಒಂದು ಹೆಜ್ಜೆ ಮೇಲೆ ತಿರುಗಿಸಿದರೆ 4 ಆಗಬೇಕೋ 6 ಆಗಬೇಕೋ? ಎರಡೂ ತಪ್ಪೇ. ಒಂದಕ್ಕಿಂತ ಹೆಚ್ಚು ಕಡೆಯಿಂದ ನಿಯಂತ್ರಿಸುವ ವಸ್ತುವಿಗೆ ಅಂಕಿ ಬರೆದ, ಕೊನೆಯಿರುವ ನಾಬ್ ಹಾಕಬೇಡಿ. ಕೊನೆಯಿಲ್ಲದೆ ತಿರುಗುವ ಎನ್‌ಕೋಡರ್ (ಯಾವ ಕಡೆಗೆ ಎಷ್ಟು ಹೆಜ್ಜೆ ತಿರುಗಿತು ಅಂತ ಮಾತ್ರ ಹೇಳುವ ನಾಬ್) ಹಾಕಿ, ಸುತ್ತ ಸಣ್ಣ ಎಲ್‌ಇಡಿಗಳ ಉಂಗುರ ಕೊಡಿ. ತಿರುಗಿಸುವುದು ಕೈ, ಸ್ಥಿತಿ ಹೇಳುವುದು ಬೆಳಕು. ಕಣ್ಣಿಲ್ಲದವರಿಗೆ ಇದರಿಂದ ನಷ್ಟ ಇದೆ, ನಿಜ. ಕನಿಷ್ಠ ವೇಗಕ್ಕೆ ಬಂದಾಗ ಬೇರೆ ಥರದ ಬೀಪ್ ಕೊಟ್ಟರೆ ಅಲ್ಲಿಂದ ಹೆಜ್ಜೆ ಎಣಿಸಿಕೊಳ್ಳಬಹುದು.

ಎನ್‌ಕೋಡರ್ ಕೊಳ್ಳುವಾಗ ಒಂದು ಎಚ್ಚರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಸಿಗುವ 11 ಮಿಲಿಮೀಟರ್ ಮಾದರಿಗಳಲ್ಲಿ ಒಂದು ಸುತ್ತಿಗೆ 20 ಟಿಕ್, 20 ಪಲ್ಸ್ (ಚಿಪ್‌ಗೆ ಹೋಗುವ ಸಂಕೇತ) ಇರುವುದೂ ಇದೆ, 30 ಟಿಕ್, 15 ಪಲ್ಸ್ ಇರುವುದೂ ಇದೆ. ನೋಡಲು ಒಂದೇ. ಮೊದಲನೆಯದಕ್ಕೆ ಬರೆದ ಪ್ರೋಗ್ರಾಮನ್ನು ಎರಡನೆಯದಕ್ಕೆ ಹಾಕಿದರೆ ಎರಡು ಟಿಕ್‌ಗೆ ಒಂದು ಹೆಜ್ಜೆ ಹೋಗುತ್ತದೆ. ಬಳಸುವವರಿಗೆ ಕಾರಣ ಗೊತ್ತಾಗುವುದಿಲ್ಲ, ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ ಅಷ್ಟೇ.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಅನ್ನುವುದು ನಮ್ಮಲ್ಲಿ ವಿನ್ಯಾಸದ ಮೊದಲ ಪುಟದಲ್ಲಿರಬೇಕು. ಮೆಕ್ಯಾನಿಕಲ್ ಸ್ವಿಚ್ ತನ್ನ ಸ್ಥಿತಿಯನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಎಲೆಕ್ಟ್ರಾನಿಕ್ ಯಂತ್ರಕ್ಕೆ ನೀವು ನೆನಪು ಕೊಡಬೇಕು, ಅಥವಾ ಬೇಕಂತಲೇ ಮರೆಸಬೇಕು. ಫ್ಯಾನ್ ಹಿಂದಿನ ವೇಗಕ್ಕೆ ಮರಳಬೇಕು. ಮಿಕ್ಸಿ, ಇಸ್ತ್ರಿ, ಇಂಡಕ್ಷನ್ ಮರಳಬಾರದು. ನೆನಪಿಗೆ ಇಇಪ್ರಾಮ್ ಅನ್ನುವ, ಕರೆಂಟ್ ಹೋದರೂ ಅಳಿಯದ ಮೆಮೊರಿ ಬಳಸುತ್ತೇವೆ, ಅದರ ಒಂದು ಕೋಶಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ಬರಹದ ಆಯುಸ್ಸು. ವಾಲ್ಯೂಮ್ ನಾಬ್ ದಿನಕ್ಕೆ 200 ಹೆಜ್ಜೆ ತಿರುಗಿ, ಪ್ರತಿ ಹೆಜ್ಜೆಗೂ ಬರೆದರೆ 500 ದಿನಕ್ಕೆ ಆಯುಸ್ಸು ಮುಗಿಯಿತು. ವಾರಂಟಿ ಮುಗಿದ ಮೇಲೆ ಹಾಳಾಗುವ ಹಾಗೆ ಮಾಡಿದ್ದಾರೆ ಅಂತ ಜನ ಬೈಯುವುದು ಇಂಥದ್ದಕ್ಕೇ, ಹೆಚ್ಚಿನ ಸಲ ಅದು ಪಿತೂರಿಯಲ್ಲ, ಪ್ರೋಗ್ರಾಮ್‌ ಬರೆದವರ ಅವಸರ. ಕೊನೆಯ ಬದಲಾವಣೆಯಾಗಿ ಮೂರು ಸೆಕೆಂಡು ಬಿಟ್ಟು ಬರೆಯಿರಿ. ಇಲ್ಲವೇ ವೋಲ್ಟೇಜ್ ಕುಸಿಯುವುದನ್ನು ಗಮನಿಸಿ, ಒಂದು ಕೆಪಾಸಿಟರ್ ಕರೆಂಟನ್ನು ಹಿಡಿದಿಡುವ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬರೆಯಿರಿ. ಬರಹಕ್ಕೆ ಬೇಕಾಗುವುದು ಮೂರರಿಂದ ಐದು ಮಿಲಿಸೆಕೆಂಡು.

ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ಎಳೆಯುವ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್, ಈ ಎಲ್ಲ ಸಮಸ್ಯೆಗಳ ಪ್ರದರ್ಶನ. ಹಳೆಯದು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾದ ಮೇಲೆ ಇನ್ನೂ ಹೆಚ್ಚು ಮನೆಗೆ ಬಂತು. ಮೋಟಾರ್ ಅದ್ಭುತ. ಆದರೆ ಗೋಡೆಯ ರೆಗ್ಯುಲೇಟರನ್ನು ಬಳಸುವಂತಿಲ್ಲ, ಅದು ಕೊಡುವ ತಗ್ಗಿದ ವೋಲ್ಟೇಜ್ ಒಳಗಿನ ಸರ್ಕ್ಯೂಟಿಗೆ ಒಗ್ಗುವುದಿಲ್ಲ. ಎಲ್ಲವೂ ರಿಮೋಟಿಗೆ ಹೋಯಿತು. ನಡುರಾತ್ರಿ ಚಳಿಯಾದಾಗ ರಿಮೋಟ್ ದಿಂಬಿನ ಕೆಳಗೋ ಮಂಚದ ಕೆಳಗೋ. ಮನೆಯಲ್ಲಿ ಮೂರು ಫ್ಯಾನ್, ಒಂದೇ ಥರದ ಮೂರು ರಿಮೋಟ್. ಕೆಲವು ಮಾದರಿಗಳಲ್ಲಿ ಗೋಡೆಯ ಸ್ವಿಚ್ಚನ್ನು ಬೇಗ ಆಫ್ ಮಾಡಿ ಆನ್ ಮಾಡಿದರೆ ವೇಗ ಬದಲಾಗುತ್ತದೆ. ಒಳ್ಳೆಯ ಯೋಚನೆ, ಆದರೆ ಡಬ್ಬಿಯೊಳಗಿನ ಕಾಗದ ಓದಿದವರಿಗೆ ಮಾತ್ರ ಗೊತ್ತು. ಗೋಡೆಯಲ್ಲಿ ಹಳೆಯ ರೆಗ್ಯುಲೇಟರ್ ಇದ್ದ ಚೌಕದಲ್ಲೇ ಕೂರುವ, ಅದೇ ಥರ ತಿರುಗುವ, ಫ್ಯಾನಿಗೆ ರೇಡಿಯೋ ಸಂಕೇತ ಕಳಿಸುವ ನಾಬ್ ಮಾಡುವುದು ಕಷ್ಟದ ಕೆಲಸವೇನಲ್ಲ. ಅದನ್ನು ಐಚ್ಛಿಕ ಸಾಮಾನಾಗಿ ಮಾರದೆ ಫ್ಯಾನಿನ ಡಬ್ಬಿಯಲ್ಲೇ ಹಾಕಬೇಕು ಅನ್ನುವುದು ನನ್ನ ವಾದ.

ಇದಕ್ಕೆ ಸೇರಿದ್ದೇ ಇನ್ನೊಂದು: ಆ್ಯಪ್ ನಿಂತರೂ ವಸ್ತು ನಡೆಯಬೇಕು. ರಿವಾಲ್ವ್ ಅನ್ನುವ ಸ್ಮಾರ್ಟ್ ಹೋಮ್ ಸಾಧನದ ಕಂಪನಿಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ಮುಚ್ಚಿತು. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆ ನಿಷ್ಪ್ರಯೋಜಕವಾಯಿತು. ಮೂಲ ಕೆಲಸ ಅಷ್ಟನ್ನೂ ಮಾಡುವ ಒಂದು ಬಟನ್ ವಸ್ತುವಿನ ಮೈಮೇಲೇ ಇರಲಿ.

ಬಟನ್ ಹಾಕುವುದು ಅಂತ ತೀರ್ಮಾನಿಸಿದಿರಿ. ಹಾಗಾದರೆ ಚೆನ್ನಾಗಿ ಮಾಡಿ. ಕೆಟ್ಟ ಬಟನ್ ಒಳ್ಳೆಯ ಟಚ್‌ಗಿಂತ ಕಡೆ.

ಬಟನ್ ಕೆಳಗೆ ಬೋರ್ಡಿನ ಮೇಲೆ ಕೂರುವ ಸಾಮಾನ್ಯ ಟ್ಯಾಕ್ಟ್ ಸ್ವಿಚ್ 6 ಮಿಲಿಮೀಟರ್ ಚೌಕ. ಒಳಗೆ ಸ್ಟೀಲಿನ ಸಣ್ಣ ಗುಮ್ಮಟ. ಸುಮಾರು ಕಾಲು ಮಿಲಿಮೀಟರ್ ಇಳಿದು ಟಕ್ ಅನ್ನುತ್ತದೆ. 160 ಗ್ರಾಂ ಬಲ, 260 ಗ್ರಾಂ ಬಲ ಇವೆರಡು ಹೆಚ್ಚು ಬಳಕೆಯಲ್ಲಿವೆ. ಕೈಯಲ್ಲಿ ಹಿಡಿಯುವ ವಸ್ತುವಿಗೆ 160 ಸಾಕು. ಗೋಡೆಯ ಅಥವಾ ಭಾರದ ಯಂತ್ರಕ್ಕೆ 260 ತೆಗೆದುಕೊಳ್ಳಿ, ಒರೆಸುವಾಗ ಒತ್ತಿಕೊಳ್ಳುವುದಿಲ್ಲ. ಬಾಳಿಕೆ ಒಂದು ಲಕ್ಷ ಒತ್ತಿನದೂ ಇದೆ, ಹತ್ತು ಲಕ್ಷದ್ದೂ ಇದೆ, ಬೆಲೆಯಲ್ಲಿ ವ್ಯತ್ಯಾಸ ಸಣ್ಣದು. ಉಳಿಸಲು ಹೋಗಬೇಡಿ.

ಪ್ಲಾಸ್ಟಿಕ್ ಬಟನ್‌ಗೂ ಪ್ಯಾನೆಲ್ ತೂತಿಗೂ ಸುತ್ತ 0.2ರಿಂದ 0.3 ಮಿಲಿಮೀಟರ್ ಸಂದಿ. ಬಣ್ಣ ಬಳಿಯುವುದಾದರೆ ಬಣ್ಣದ ದಪ್ಪ ಎರಡೂ ಕಡೆ ಸೇರಿ ಸಂದಿ ತಿನ್ನುತ್ತದೆ, ಅದನ್ನು ಮೊದಲೇ ಬಿಡಿ. ಬಟನ್‌ನ ಕಾಲಿಗೂ ಸ್ವಿಚ್ಚಿಗೂ 0.1 ಮಿಲಿಮೀಟರಿನಷ್ಟು ಬಿಡುವು. ಇಲ್ಲದಿದ್ದರೆ ಜೋಡಿಸಿದಾಗಲೇ ಒತ್ತಿಕೊಂಡಿರುತ್ತದೆ, ಹೆಚ್ಚಾದರೆ ಗಲಗಲ ಅನ್ನುತ್ತದೆ. ಉದ್ದದ ಪ್ಯಾನೆಲ್‌ನಲ್ಲಿ ಬಿಸಿಲಿನ ಲೆಕ್ಕ ಹಾಕಿ. ಎಬಿಎಸ್ ಪ್ಲಾಸ್ಟಿಕ್ 100 ಮಿಲಿಮೀಟರ್ ಉದ್ದಕ್ಕೆ, 30 ಡಿಗ್ರಿ ಏರಿದರೆ ಸುಮಾರು 0.24 ಮಿಲಿಮೀಟರ್ ಹಿಗ್ಗುತ್ತದೆ. ಸರ್ಕ್ಯೂಟ್ ಬೋರ್ಡ್ ಹಿಗ್ಗುವುದು ಅದರ ಸುಮಾರು ಐದನೇ ಒಂದು ಭಾಗವಷ್ಟೇ. ಬೋರ್ಡನ್ನು ಒಂದು ತುದಿಗೆ ಬಿಗಿದರೆ ಇನ್ನೊಂದು ತುದಿಯ ಬಟನ್ ಸ್ವಿಚ್ಚಿನ ಅಂಚಿಗೆ ಕೂರುತ್ತದೆ. ಬೆಂಗಳೂರಿನ ಏಸಿ ಕೋಣೆಯಲ್ಲಿ ಸರಿಯಿದ್ದದ್ದು ಕಲಬುರಗಿಯ ಮೇ ತಿಂಗಳಲ್ಲಿ ಅಂಟಿಕೊಳ್ಳುವುದು ಹೀಗೆ. ನಡುವಿನ ಸ್ಕ್ರೂ ಬಿಗಿಯಾಗಿರಲಿ, ತುದಿಗಳ ತೂತು ಉದ್ದುದ್ದ ಇರಲಿ.

ವಾಷಿಂಗ್ ಮಷೀನ್, ಮೈಕ್ರೋವೇವ್‌ಗಳ ಮೇಲಿನ ಹಾಳೆಯ ಕೀಪ್ಯಾಡ್‌ಗೆ ಪಾಲಿಕಾರ್ಬೊನೇಟ್ ಬೇಡ, ಪಾಲಿಯೆಸ್ಟರ್ ಹಾಕಿಸಿ. ಮಡಿದು ಮಡಿದು ಪಾಲಿಕಾರ್ಬೊನೇಟ್ ಬೇಗ ಸೀಳುತ್ತದೆ, ಅದರಲ್ಲೂ ಉಗುರಿನಿಂದ ಒತ್ತುವ ಸ್ಟಾರ್ಟ್ ಕೀ. ಗುರುತುಗಳನ್ನು ಹಾಳೆಯ ಹಿಂಬದಿಗೆ ಮುದ್ರಿಸಿದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಾಳೆಯಿಂದ ಬೋರ್ಡಿಗೆ ಹೋಗುವ ಬಾಲವನ್ನು ಜೋಡಿಸುವವರು ಚೂಪಾಗಿ ಮಡಚಿದರೆ ತಂತಿಯ ಕೆಲಸ ಮಾಡುವ ಬೆಳ್ಳಿಯ ಶಾಯಿ ಬಿರುಕು ಬಿಟ್ಟು ಒಂದು ಸಾಲಿನ ಕೀಗಳಷ್ಟೂ ಒಟ್ಟಿಗೆ ಸಾಯುತ್ತವೆ. ಒಂದೇ ಸಾಲು ಸತ್ತ ಕೀಪ್ಯಾಡ್ ರಿಪೇರಿಗೆ ಬಂದರೆ ಮೊದಲು ಬಾಲ ನೋಡಿ.

ಪ್ರತಿ ಲೋಹದ ಸಂಪರ್ಕವೂ ಒತ್ತಿದಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಒಂದು ಒತ್ತು ಹತ್ತು ಒತ್ತಿನ ಹಾಗೆ ಕಾಣಬಹುದು. 10ರಿಂದ 20 ಮಿಲಿಸೆಕೆಂಡು ಸ್ಥಿರವಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೆಯದಾದಷ್ಟೂ ಪುಟಿತ ಹೆಚ್ಚು, ಆದ್ದರಿಂದ ಹೊಸ ಸ್ವಿಚ್ಚಿನ ಮೇಲೆ ಅಳೆದು ಸಮಾಧಾನಪಡಬೇಡಿ. ರೋಗಿಯ ರಕ್ತನಾಳಕ್ಕೆ ಅಳೆದು ಔಷಧಿ ಬಿಡುವ ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್‌ಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಕೊಟ್ಟ ಉದಾಹರಣೆ ಇದೇ: ನರ್ಸ್ ಗಂಟೆಗೆ 10 ಮಿಲಿಲೀಟರ್ ಅಂತ ಒತ್ತಿದರೆ ಯಂತ್ರ 100 ಅಂತ ತೆಗೆದುಕೊಳ್ಳುವುದು. ಸೊನ್ನೆ ಒಂದು ಸಲ ಒತ್ತಿದ್ದು ಎರಡು ಸಲ ಓದಿಕೊಂಡಿತು.

ಪರದೆಗೆ ನ್ಯಾಯ ಸಲ್ಲಿಸಲು ಒಂದು ಮಾತು. ವರ್ಷಕ್ಕೊಮ್ಮೆ ಮಾಡುವ ಸೆಟ್ಟಿಂಗ್‌ಗೆ ಬಟನ್ ಹಾಕಬೇಡಿ, ಫೋನಿಗೆ ಬಿಡಿ. ಮತ್ತು ಭಾಷೆ. ಏಳು ಗೆರೆಯ ಡಿಸ್‌ಪ್ಲೇಯಲ್ಲಿ ಕನ್ನಡ ಬರೆಯಲಾಗುವುದಿಲ್ಲ. ಎಲ್ಲ ಕಾಲೇಜು ಪ್ರಾಜೆಕ್ಟಿನಲ್ಲೂ ಇರುವ 16×2 ಎಲ್‌ಸಿಡಿಯಲ್ಲಿ ಒಂದು ಅಕ್ಷರಕ್ಕೆ 5×8 ಚುಕ್ಕಿ, ನಾವೇ ಮಾಡಿಕೊಳ್ಳಬಹುದಾದ ಅಕ್ಷರ ಎಂಟೇ ಎಂಟು. ‘ನೀರು ಮುಗಿದಿದೆ’ ಅಂತ ಹೇಳಲು ಅದು ಸಾಲದು. 128×64 ಚುಕ್ಕಿಯ ಸಣ್ಣ ಗ್ರಾಫಿಕ್ ಪರದೆ ಹಾಕಿ. ಒತ್ತಕ್ಷರ ಜೋಡಿಸುವ ಲೆಕ್ಕವನ್ನು ಸಣ್ಣ ಮೈಕ್ರೋಕಂಟ್ರೋಲರ್ ತಲೆಗೆ ಕಟ್ಟಬೇಡಿ. ಬೇಕಾದ ವಾಕ್ಯಗಳನ್ನು ಕಂಪ್ಯೂಟರಿನಲ್ಲೇ ಚಿತ್ರವಾಗಿ ಮಾಡಿ ತುಂಬಿ. 128×16ರ ಒಂದು ಸಾಲಿಗೆ 256 ಬೈಟ್, 40 ವಾಕ್ಯಕ್ಕೆ 10 ಕಿಲೋಬೈಟ್. ಹದಿನಾರು ಚುಕ್ಕಿಯಲ್ಲಿ ಒತ್ತಕ್ಷರ ಇಕ್ಕಟ್ಟಾದರೆ ಎತ್ತರ 24ಕ್ಕೆ ಏರಿಸಿ, ಆಗಲೂ 15 ಕಿಲೋಬೈಟ್. ಕೃಷಿ ಪಂಪ್‌ಸೆಟ್‌ನ ಸ್ಟಾರ್ಟರ್ ಮೇಲೆ ಇದು ಇದ್ದರೆ ‘ಇ-3’ ಅಂದರೆ ಏನು ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವುದು ತಪ್ಪುತ್ತದೆ. ಅದರ ಸ್ಟಾರ್ಟ್, ಸ್ಟಾಪ್ ಮಾತ್ರ ಹಸಿರು, ಕೆಂಪು ದೊಡ್ಡ ಬಟನ್‌ಗಳೇ ಆಗಿರಲಿ, ಕೆಂಪು ಸ್ವಲ್ಪ ಉಬ್ಬಿರಲಿ, ಹಸಿರು ಸುತ್ತಿನ ಮಟ್ಟಕ್ಕಿಂತ ಒಳಗಿರಲಿ.

ನೀವು ವಿದ್ಯಾರ್ಥಿಗಳಾಗಿದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ. ಒಂದಡಿ ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. 160, 260 ಗ್ರಾಂ ಟ್ಯಾಕ್ಟ್ ಸ್ವಿಚ್, ಹಳೆಯ ರಿಮೋಟಿನ ರಬ್ಬರ್ ಕೀ, ಒಂದು ಹಾಳೆ ಕೀಪ್ಯಾಡ್, ಒಂದು ಎನ್‌ಕೋಡರ್, ಮಿಕ್ಸಿಯ ತಿರುಗುವ ಸ್ವಿಚ್, ಗಾಜಿನ ಕೆಳಗೊಂದು ಟಚ್ ಪ್ಯಾಡ್ ಕೂರಿಸಿ. ಎಲ್ಲಕ್ಕೂ ಒಂದೊಂದು ಎಲ್‌ಇಡಿ. ಕಣ್ಣು ಮುಚ್ಚಿ ಇಂಥದ್ದನ್ನು ಒತ್ತಿ ಅಂತ ಜನರಿಗೆ ಹೇಳಿ. ಒಣ ಕೈ, ಒದ್ದೆ ಕೈ, ಎಣ್ಣೆ ಕೈ, ಬೈಕ್ ಗ್ಲೌಸ್ ಹಾಕಿದ ಕೈ. ಎಪ್ಪತ್ತು ದಾಟಿದವರನ್ನೂ ಕರೆಯಿರಿ, ಒಣಗಿದ ಬೆರಳಿಗೆ ಟಚ್ ಎಷ್ಟೋ ಸಲ ಸ್ಪಂದಿಸುವುದಿಲ್ಲ. ಎಷ್ಟು ಸಲ ಪಕ್ಕದ್ದನ್ನು ಒತ್ತಿದರು, ಎಷ್ಟು ಸಲ ಒತ್ತಿದೆನೋ ಇಲ್ಲವೋ ಅಂತ ಎರಡನೇ ಸಲ ಒತ್ತಿದರು, ಎರಡನ್ನೂ ಬರೆದುಕೊಳ್ಳಿ. ಯಾವುದಕ್ಕೆ ಎಷ್ಟು ಗ್ರಾಂ ಅನ್ನುವುದನ್ನು ಹಲಗೆಯ ಹಿಂಬದಿಗೆ ಬರೆಯಿರಿ. ಮುಂದೆ ಬರೆದರೆ ಎಂಜಿನಿಯರ್‌ಗಳು ಬೆರಳಿಡುವ ಮೊದಲೇ ಓದಿ ಅಭಿಪ್ರಾಯ ಹೇಳಿಬಿಡುತ್ತಾರೆ.